ಅರ್ಧ ದಶಾವತಾರ

ವಸ್ತುವಿನ ಬೆಲೆ ತಿಳಿಯಬೇಕಾದರೆ ಅದನ್ನು ಮಾರಿ ನೋಡಬೇಕೆಂದು ವ್ಯಾಪಾರಿಗಳು ಹೇಳುವುದುಂಟು. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಅನುಭವ ಬೇರೆಯೇ ಆಯಿತು. ವಸ್ತುವನ್ನು ಪೊಟ್ಟಣ ಕಟ್ಟಿ ದೂರದ ಊರಿಗೆ ಕಳುಹಿಸಲು ಕುಳಿತಾಗಲೇ ಅದರ ಬೆಲೆ ಮನಸ್ಸಿಗೆ ತಟ್ಟುವುದೆಂಬುದನ್ನು ಅವರು ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ ಕಲಿತರು.

ಕಳುಹಿಸಬೇಕಾಗಿದ್ದುದು ಅರವತ್ತು ಗಂಜೀಫಾ ಎಲೆಗಳು. ಅಂಗೈಯಲ್ಲಿ ಅಡಗುವಷ್ಟು ದುಂಡನೆಯ ಎಲೆಗಳು. ಬಟ್ಟೆಯ ಪದರಗಳನ್ನು ಅಂಟಿನಿಂದ ಗಟ್ಟಿಗೊಳಿಸಿ, ಬಣ್ಣ ಬರೆದು, ಮೇಲೆ ಮೆರುಗೆಣ್ಣೆ ಬಳಿದವು. ಮೇಷ್ಟ್ರ ತಾತನ ಕಾಲದಿಂದ ಬಂದ ಸ್ವತ್ತು. ಗಂಜೀಫಾ ಎಂದರೆ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಈ ಆಟದ ಬಗೆಗಳನ್ನು ಬಣ್ಣಿಸಿ, ಅದಕ್ಕೆ ರಾಜಾಶ್ರಯದ ಮೆರುಗನ್ನು ಕೊಟ್ಟಿದ್ದರು. ದಶಾವತಾರದ ಗಂಜೀಫಾದಲ್ಲಿ ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣ್ಣಗಳು. ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಹತ್ತು ಅಂಕೆಗಳು. ಒಟ್ಟು 120 ಎಲೆಗಳು.

ಹಾಗಾದರೆ ಮೇಷ್ಟ್ರ ಬಳಿ ಅರವತ್ತೇ ಏಕೆ? 1978ರಲ್ಲಿ ಮನೆ ಹಿಸ್ಸೆಯಾಯಿತು. ಪಾತ್ರೆಯಾಯಿತು, ಮಣೆಯಾಯಿತು, ಕೊನೆಗೆ ಗಂಜೀಫಾ ಪೆಟ್ಟಿಗೆ ಉಳಿಯಿತು. “ಎಲ್ಲವೂ ಸಮಪಾಲು” ಎಂದರು ಅಣ್ಣನಾದ ಮೇಷ್ಟ್ರು. “ಹಾಗೆಯೇ ಆಗಲಿ” ಎಂದ ತಮ್ಮ, ಅವರ ಮುಖವನ್ನು ನೋಡದೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನರು ಅಣ್ಣನ ಪಾಲಿಗೆ ಬಂದರು. ಪರಶುರಾಮನಿಂದ ಮುಂದಿನವರೆಲ್ಲ ತಮ್ಮನ ಸಂಗಡ ಪುಣೆಗೆ ಹೋದರು. ಚಿತ್ರ ಬರೆದ ಮರದ ಪೆಟ್ಟಿಗೆ ತಮ್ಮನಿಗೆ, ಅದರ ಜಾರುಮುಚ್ಚಳ ಅಣ್ಣನಿಗೆ! ಜಗಳದ ನ್ಯಾಯ ಯಾವಾಗಲೂ ಹೀಗೆಯೇ. ಅದು ಎರಡೂ ಕಡೆಗೆ ಸಮನಾಗಿ ಕೊಡುವುದು ನಷ್ಟವನ್ನು ಮಾತ್ರ.

ಅಂದಿನಿಂದ ಮೇಷ್ಟ್ರ ಐದು ಅವತಾರಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಅಜ್ಞಾತವಾಸ ಮಾಡಿದವು. ಅವುಗಳನ್ನು ಹೊರಗೆ ತಂದವನು ಅಮೆರಿಕದಲ್ಲಿರುವ ಮೊಮ್ಮಗ. ಆ ದೇಶದಲ್ಲಿ ಬೇಸ್‌ಬಾಲ್ ಆಟಗಾರನೊಬ್ಬನ ಚಿತ್ರವಿದ್ದ, 1952ರಲ್ಲಿ ಅಚ್ಚಾದ ಒಂದೇ ಒಂದು ರಟ್ಟಿನ ಎಲೆ 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರುಗಳಿಗೆ ಹೋಯಿತೆಂದು ಅವನು ದೂರವಾಣಿಯಲ್ಲಿ ತಿಳಿಸಿದ. “ಮೂಲೆಗಳು ಮೊಂಡಾಗದೆ ಉಳಿದಿದ್ದವು ತಾತ, ಅದಕ್ಕೇ ಆ ಬೆಲೆ. ನಮ್ಮ ಎಲೆಗಳನ್ನು ಇಲ್ಲಿಗೆ ಕಳುಹಿಸಿ” ಎಂದ. ದುಂಡು ಎಲೆಗೆ ಮೂಲೆಯೇ ಇಲ್ಲವಲ್ಲ ಎಂದು ಮೇಷ್ಟ್ರು ನಕ್ಕರು. ಆದರೆ ಕಾನೂನು ನಗಲಿಲ್ಲ. ನೂರು ವರ್ಷಕ್ಕೂ ಹಳೆಯದಾದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಷೇಧಿಸಿದೆ. ಮೊಮ್ಮಗನ ಆಸೆ ಅಲ್ಲಿಗೆ ನಿಂತಿತು. ಮೇಷ್ಟ್ರ ಯೋಚನೆ ಅಲ್ಲಿಂದ ಹೊರಟಿತು. ಅಮೆರಿಕಕ್ಕೆ ಹೋಗಲಾರದ ಎಲೆಗಳು ಪುಣೆಗೆ ಹೋಗಬಹುದಲ್ಲವೆ?

ತಾವೇ ಹೋಗಿ ಕೊಡೋಣವೆಂದರೆ ಮೊಣಕಾಲು ಒಪ್ಪಲಿಲ್ಲ. ಅಭಿಮಾನ ಅದಕ್ಕಿಂತಲೂ ಕಡಿಮೆ ಒಪ್ಪಿತು. ಅಂಚೆಯೇ ಗತಿ ಎಂದಾಯಿತು.

ಮೊಮ್ಮಗ ತನ್ನ ಕಡೆಯ ಕ್ರಮವನ್ನು ವಿವರಿಸಿದ್ದ. ಎಲೆಗೆ ಮೊದಲು ಮೆತ್ತನೆಯ ಪ್ಲಾಸ್ಟಿಕ್ ಕವಚ, ಅದರ ಮೇಲೆ ಬಾಗದ ಗಟ್ಟಿ ಕವಚ, ಎರಡು ಬದಿಗೂ ರಟ್ಟು. ಹೊಸ ಕಾಲದ ಅಚ್ಚಿನ ಎಲೆಗೆ ಇದು ಸರಿ. ಹಳೆಯ ಮೆರುಗೆಣ್ಣೆಗೆ ಮಾತ್ರ ಪ್ಲಾಸ್ಟಿಕ್ ಹಗೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಸೆಕೆ ಏರಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡಾವು. ಆದ್ದರಿಂದ ಮೇಷ್ಟ್ರು ಆಮ್ಲವಿಲ್ಲದ ತೆಳುಕಾಗದವನ್ನು ತರಿಸಿದರು. ಹಳೆಯ ಪತ್ರಿಕೆಯ ಹಾಳೆ ಬೇಡ, ಅದರ ಮಸಿ ಎಲೆಗೆ ಇಳಿದೀತು. ರಬ್ಬರಿನ ಪಟ್ಟಿ ಬೇಡ, ಅದು ಅಂಚನ್ನು ಕಚ್ಚುವುದಲ್ಲದೆ ಹಳತಾದಂತೆ ಕರಗಿ ಕಲೆ ಮಾಡುವುದು. ಅಂಟುಪಟ್ಟಿಯಂತೂ ಎಲೆಯ ಹತ್ತಿರಕ್ಕೂ ಸುಳಿಯಬಾರದು.

ಮೊದಲು ಪ್ರತಿಯೊಂದು ಎಲೆಯ ಎರಡು ಮುಖಗಳಿಗೂ ಛಾಯಾಚಿತ್ರವಾಯಿತು. ಆಮೇಲೆ ಶಾಲೆಯ ಹಾಜರಿ ಪಟ್ಟಿಯಂತೆ ಒಂದು ಪಟ್ಟಿ: ಒಂದು, ಮತ್ಸ್ಯರಾಜ, ಎರಡು, ಮತ್ಸ್ಯಮಂತ್ರಿ, ಹೀಗೆ ಅರವತ್ತರವರೆಗೆ. ಎಲ್ಲಿ ಬಣ್ಣ ಎದ್ದಿದೆ, ಎಲ್ಲಿ ಅಂಚು ಸವೆದಿದೆ ಎಂಬ ಷರಾ ಪಕ್ಕದಲ್ಲಿ. ಒಂದು ಪ್ರತಿ ಪೊಟ್ಟಣದೊಳಕ್ಕೆ, ಒಂದು ಮನೆಯಲ್ಲಿ. ಎಲೆಗೂ ಎಲೆಗೂ ನಡುವೆ ತೆಳುಕಾಗದವಿಟ್ಟು, ಹನ್ನೆರಡರ ಐದು ಕಟ್ಟುಗಳನ್ನು ಮಾಡಿ, ಬಿಗಿಯೂ ಸಡಿಲವೂ ಅಲ್ಲದಂತೆ ಸುತ್ತಿ ಗಟ್ಟಿ ರಟ್ಟಿನ ಚಿಕ್ಕ ಪೆಟ್ಟಿಗೆಯಲ್ಲಿ ಇಟ್ಟರು. ತೇವ ಹೀರುವ ಹರಳಿನ ಪೊಟ್ಟಣವೊಂದು ಜೊತೆಗೆ. ಮಳೆಯ ಭಯಕ್ಕೆ ಚಿಕ್ಕ ಪೆಟ್ಟಿಗೆಯ ಹೊರಗೆ ಪ್ಲಾಸ್ಟಿಕ್ ಚೀಲ. ಅದು ದೊಡ್ಡ ಪೆಟ್ಟಿಗೆಯ ನಡುವೆ ಕೂರಬೇಕು. ಸುತ್ತಲೂ ಎರಡು ಅಂಗುಲ ಮೆತ್ತೆಯಿರಬೇಕು. ಕೊನೆಯ ಪರೀಕ್ಷೆ ಸುಲಭವಾದುದು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಸದ್ದಾಗಕೂಡದು. ಒಳಗಿರುವುದೇನೆಂದು ಹೊರಗೆ ಬರೆಯುವುದು ಕಳ್ಳನಿಗೆ ಆಮಂತ್ರಣ ಪತ್ರಿಕೆ ಕಳುಹಿಸಿದಂತೆ. ಅದನ್ನು ಮೇಷ್ಟ್ರು ಬರೆಯಲಿಲ್ಲ.

ಇಷ್ಟೂ ಕೈಯ ಕೆಲಸ. ಮನಸ್ಸಿನ ಕೆಲಸ ಇದ್ದುದು ವಿಮೆಯಲ್ಲಿ. ಸಾಗಣೆಯ ಕೂಲಿ ಅಲ್ಪ, ಚಿಂತೆಯ ಕೂಲಿ ಅಧಿಕವೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1958ರ ನವೆಂಬರಿನಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ರತ್ನವ್ಯಾಪಾರಿ ಹೋಪ್ ವಜ್ರವನ್ನು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಂದುಕಾಗದ ಸುತ್ತಿ ನೋಂದಣಿ ಅಂಚೆಯಲ್ಲಿಯೇ ಕಳುಹಿಸಿದ. ತೆತ್ತ ಹಣ 145 ಡಾಲರ್ 29 ಸೆಂಟು. ಅದರಲ್ಲಿ ಅಂಚೆಯ ದರ 2 ಡಾಲರ್ 44 ಸೆಂಟು, ಮಿಕ್ಕುದೆಲ್ಲ ವಿಮೆಗೆ.

“ಬೆಲೆ ಎಷ್ಟು ಬರೆಯಲಿ, ಸಾರ್?” ಎಂದು ಗುಮಾಸ್ತರು ಕೇಳಿದಾಗ ಮೇಷ್ಟ್ರು ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಂಡು ಮನೆಗೆ ಬಂದರು. ಮನಸ್ಸಿಗೆ ಬಂದ ಬೆಲೆಯನ್ನು ಬರೆಯುವಂತಿಲ್ಲ. ಹೆಚ್ಚು ಬರೆದರೂ ನಿಜವಾದ ನಷ್ಟಕ್ಕಿಂತ ಹೆಚ್ಚು ಪರಿಹಾರ ಬಾರದು. ನಾಲ್ಕು ಕಾಸು ಉಳಿಸಲು ಕಡಿಮೆ ಬರೆದರೆ, ಕಳೆದಾಗ ಕೈಗೆ ಬರುವುದೂ ಅಷ್ಟೇ. ಪೊಟ್ಟಣ ಸರಿಯಾಗಿ ಕಟ್ಟಿರಲಿಲ್ಲವೆಂದಾದರೆ ಅದೂ ಇಲ್ಲ. ಪುರಾತನ ವಸ್ತುಗಳಿಗೆ ವಿಮೆಯೇ ಇಲ್ಲವೆನ್ನುವ ಖಾಸಗಿ ಸಾಗಣೆದಾರರೂ ಉಂಟು. ನಿಬಂಧನೆಗಳನ್ನು ಮೊದಲೇ ಓದುವುದು ಜಾಣತನ.

ಮೇಷ್ಟ್ರು ಬಲ್ಲವರೊಬ್ಬರಿಗೆ ಎಲೆಗಳನ್ನು ತೋರಿಸಿ ಬೆಲೆಯ ಪತ್ರ ಕೇಳಿದರು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು: “ಇದು ಅರ್ಧ. ಅರ್ಧಕ್ಕೆ ಬೆಲೆ ಸ್ವಲ್ಪವೇ. 120 ಒಟ್ಟಿಗಿದ್ದರೆ ಇದರ ಎರಡರಷ್ಟಲ್ಲ, ಅನೇಕ ಪಾಲು ಹೆಚ್ಚು. ಒಡೆದವರು ಯಾರೋ ಬುದ್ಧಿಯಿಲ್ಲದವರು.”

“ಹೌದು” ಎಂದರು ಮೇಷ್ಟ್ರು. ಮುಂದೆ ಏನನ್ನೂ ಹೇಳಲಿಲ್ಲ.

ಆ ರಾತ್ರಿ ಅವರಿಗೆ ಆಟದ ನಿಯಮವೊಂದು ನೆನಪಾಯಿತು. ಗಂಜೀಫಾದ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡ ಅಂಕೆ, ಉಳಿದ ಅರ್ಧದಲ್ಲಿ ಒಂದೇ ದೊಡ್ಡದು. ಒಬ್ಬನ ಕೈಯಲ್ಲಿ ಹಿರಿದಾದುದು ಇನ್ನೊಂದು ಬಣ್ಣದಲ್ಲಿ ಕಿರಿದು. ಇಷ್ಟು ವರ್ಷ ಅಣ್ಣತಮ್ಮಂದಿರಿಬ್ಬರೂ ತಮ್ಮ ತಮ್ಮ ಬಣ್ಣದ ಲೆಕ್ಕದಲ್ಲಿಯೇ ಇನ್ನೊಬ್ಬನ ಎಲೆಯನ್ನು ಅಳೆದಿದ್ದರು.

ಮರುದಿನ ಅವರು ಪೊಟ್ಟಣವನ್ನು ಬಿಚ್ಚಿ ಜಾರುಮುಚ್ಚಳವನ್ನೂ ಸೇರಿಸಿ ಕಟ್ಟಿದರು. ಪತ್ರದಲ್ಲಿದ್ದ ಅರ್ಧದ ಬೆಲೆಯನ್ನೇ ಬರೆಸಿ, ರಸೀತಿಯನ್ನು ಜೇಬಿನಲ್ಲಿಟ್ಟುಕೊಂಡರು. ಉಳಿದ ಬೆಲೆಗೆ ವಿಮೆ ಮಾಡುವ ಸಂಸ್ಥೆ ಲೋಕದಲ್ಲಿಲ್ಲ.

ಐದು ದಿನ ಮೇಷ್ಟ್ರು ಊಟವನ್ನು ಶಾಸ್ತ್ರಕ್ಕೆ ಮಾಡಿದರು. ಪೊಟ್ಟಣ ತಲುಪಿತೆಂಬ ಸುದ್ದಿ ದೂರವಾಣಿಯಲ್ಲಿ ಬರಲಿಲ್ಲ. ಹನ್ನೊಂದನೆಯ ದಿನ ಒಂದು ಲಕೋಟೆ ಬಂತು. ಒಳಗೆ ತಮ್ಮನ ಕೈಬರಹದಲ್ಲಿ ಒಂದು ಪಟ್ಟಿ: ಅರವತ್ತೊಂದು, ಪರಶುರಾಮರಾಜ, ಅರವತ್ತೆರಡು, ಪರಶುರಾಮಮಂತ್ರಿ. ಅಣ್ಣನ ಪಟ್ಟಿಯ ಕ್ರಮದಲ್ಲಿಯೇ, ಸವೆದ ಅಂಚುಗಳ ಷರಾ ಸಹಿತ, 120ರವರೆಗೆ. ಕೆಳಗೆ ಎರಡು ಸಾಲು:

“ಮುಚ್ಚಳ ಸರಿಯಾಗಿ ಕೂತಿತು. ಅತ್ತಿಗೆಯವರನ್ನೂ ಕರೆದುಕೊಂಡು ಬನ್ನಿ. ಆಟಕ್ಕೆ ಮೂವರು ಬೇಕು.”