ಕರೆ ಮಾಡಲು ಹೆದರುವವರು

ಲಂಡನ್ನಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುವ ದಕ್ಷಿಣ ಕನ್ನಡದ ನರ್ಸುಗಳು ನಾವು. ಊರಿನಲ್ಲಿ ಕಲಿಯುತ್ತಿದ್ದಾಗ ಅಮಲು ಎಂದರೆ ನಮಗೆ ಗೊತ್ತಿದ್ದದ್ದು ಸಾರಾಯಿ ಮತ್ತು ಗಾಂಜಾ ಮಾತ್ರ. ಇಲ್ಲಿ ವಾರಾಂತ್ಯದ ನೈಟ್ ಡ್ಯೂಟಿಗಳಲ್ಲಿ ಬೇರೆಯೇ ಒಂದು ಬಗೆಯನ್ನು ಕಂಡೆವು. ಶುಕ್ರವಾರ ಸಂಜೆಯವರೆಗೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ಅಚ್ಚುಕಟ್ಟಾಗಿ ದುಡಿದ ಗಂಡಸನ್ನು ಪ್ರಜ್ಞೆಯಿಲ್ಲದೆ ಸ್ಟ್ರೆಚರಿನಲ್ಲಿ ತರುತ್ತಾರೆ. ಏನು ತೆಗೆದುಕೊಂಡ ಎಂದು ಜೊತೆಗಾರನನ್ನು ಕೇಳಿದರೆ ಒಂದೇ ಅಕ್ಷರದ ಉತ್ತರ: ‘ಜಿ’.

ಜಿ ಎಂದರೆ ಜಿಎಚ್‌ಬಿ ಅಥವಾ ಜಿಬಿಎಲ್. ಎರಡನೆಯದು ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ. ದೇಹದೊಳಗೆ ಹೋದ ಮೇಲೆ ಜಿಎಚ್‌ಬಿ ಆಗಿ ಬದಲಾಗುತ್ತದೆ. ನೋಡಲು ನೀರಿನಂತೆ. ಹಿತವೆನಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮದ್ಯ ಸೇರಿದರೆ ಅದೂ ಇಲ್ಲ. ಹೆರಾಯಿನ್‌ಗೆ ಇರುವಂತೆ ಇದಕ್ಕೆ ಪ್ರತಿಮದ್ದಿಲ್ಲ. ಉಸಿರನ್ನು ಕಾಯುತ್ತಾ ಕೂರುವುದೇ ಚಿಕಿತ್ಸೆ. ಕೆಲವು ಗಂಟೆ ಕಳೆದ ಮೇಲೆ ಆತ ಥಟ್ಟನೆ ಎದ್ದು ಕುಳಿತು, ಕೈಯ ಸೂಜಿ ಕಿತ್ತು, ‘ಕೆಲಸಕ್ಕೆ ಹೊತ್ತಾಯಿತು’ ಎನ್ನುವುದೂ ಉಂಟು!

ಜಿ, ಮೆಫೆಡ್ರೋನ್, ಕ್ರಿಸ್ಟಲ್ ಮೆತ್ ಇವನ್ನು ಲೈಂಗಿಕ ಸಂಪರ್ಕದ ಜೊತೆ ಬೆರೆಸುವ ರೂಢಿಗೆ ಇಲ್ಲಿನ ಸಲಿಂಗಿ ಪುರುಷರ ನಡುವೆ ‘ಕೆಮ್‌ಸೆಕ್ಸ್’ ಎಂಬ ಹೆಸರಿದೆ. ಹಾಗೆಂದು ಸಲಿಂಗಿಗಳೆಲ್ಲ ಹೀಗೆಯೇ ಎಂದುಕೊಳ್ಳುವುದು ಅನ್ಯಾಯ. 2010ರಲ್ಲಿ ಯುರೋಪಿನಾದ್ಯಂತ ಸಲಿಂಗಿ ಹಾಗೂ ಗಂಡು-ಹೆಣ್ಣು ಇಬ್ಬರ ಕಡೆಗೂ ಒಲವಿರುವ ಪುರುಷರ ಸಮೀಕ್ಷೆ ನಡೆಯಿತು. ಹಿಂದಿನ ನಾಲ್ಕು ವಾರಗಳಲ್ಲಿ ಇಂಥ ಮಾದಕಗಳನ್ನು ಬಳಸಿದ್ದೇವೆ ಎಂದವರು ಬ್ರೈಟನ್‌ನಲ್ಲಿ ಶೇ. 16, ಲಂಡನ್ನಿನಲ್ಲಿ ಶೇ. 13, ಬಲ್ಗೇರಿಯಾದ ಸೋಫಿಯಾದಲ್ಲಿ ಶೇ. 1 ಕೂಡ ಇಲ್ಲ. ಇದು ಅವರ ಹುಟ್ಟುಗುಣವಾಗಿದ್ದರೆ ಊರಿಂದೂರಿಗೆ ಇಷ್ಟು ವ್ಯತ್ಯಾಸ ಬರುವುದು ಹೇಗೆ?

ಹಾಗಾದರೆ ಯಾಕೆ? ಈಗ ನಡುವಯಸ್ಸಿನಲ್ಲಿರುವ ಇಲ್ಲಿಯ ಹಲವರು ಶಾಲೆ ಕಲಿತದ್ದು 1988ರಿಂದ 2003ರವರೆಗೆ ಜಾರಿಯಲ್ಲಿದ್ದ ‘ಸೆಕ್ಷನ್ 28’ ಎಂಬ ಕಾನೂನಿನಡಿ. ಸಲಿಂಗ ಸಂಬಂಧವನ್ನು ‘ಉತ್ತೇಜಿಸುವಂತಿಲ್ಲ’ ಎಂದು ಅದು ಸ್ಥಳೀಯ ಆಡಳಿತಗಳಿಗೆ ಕಟ್ಟಳೆ ಮಾಡಿದ್ದರಿಂದ ಅಧ್ಯಾಪಕರು ಬಾಯಿ ಬಿಡಲು ಹೆದರಿದರು. ಅದೇ ಕಾಲಕ್ಕೆ ಏಡ್ಸ್‌ನ ಭಯ. ಅಂಥವರಿಗೆ ಅಮಲು ಕೊಡುವುದು ಬರೀ ಸುಖವಲ್ಲ, ಕೆಲವು ಗಂಟೆ ನಾಚಿಕೆಯಿಂದ ಬಿಡುಗಡೆ. ದಕ್ಷಿಣ ಲಂಡನ್ನಿನ 30 ಪುರುಷರನ್ನು ಮಾತಾಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಆತ್ಮವಿಶ್ವಾಸ, ಆಪ್ತತೆ ಎಂಬ ಮಾತುಗಳು ಬರುತ್ತವೆ. ಬರೀ ಮೋಜಿಗಾಗಿ ಬಳಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ.

ಮೊಬೈಲ್ ಆ್ಯಪ್‌ಗಳು ಬಂದ ಮೇಲೆ ಕೂಟಗಳು ಕ್ಲಬ್ಬಿನಿಂದ ಮನೆಗಳಿಗೆ ಸರಿದವು. ಕ್ಲಬ್ಬಿನಲ್ಲಿ ಬಿದ್ದವನನ್ನು ಬಾಗಿಲು ಕಾಯುವವನಾದರೂ ನೋಡುತ್ತಿದ್ದ. ಮುಚ್ಚಿದ ಫ್ಲ್ಯಾಟಿನಲ್ಲಿ ಬಿದ್ದವನ ಸುತ್ತ ಇರುವವರು ಅವನಷ್ಟೇ ಅಮಲಿನಲ್ಲಿರುವವರು. ಜಿ 2022ರಿಂದ ಇಲ್ಲಿ ‘ಬಿ’ ವರ್ಗದ ಮಾದಕ. ಸ್ವಂತಕ್ಕೆ ಇಟ್ಟುಕೊಂಡರೂ ಐದು ವರ್ಷದವರೆಗೆ ಸೆರೆವಾಸವಾಗಬಹುದು. ‘ಮಲಗಲಿ ಬಿಡು, ಎದ್ದರೆ ಸರಿಹೋಗುತ್ತಾನೆ’ ಎಂದು ಗೆಳೆಯರು ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಜೀವ ಹೋಗುತ್ತದೆ.

ಒಮ್ಮೆ ಓದಲು ಬಂದ ಹುಡುಗನೊಬ್ಬನನ್ನು ತಂದಿದ್ದರು. ಎಚ್ಚರವಾದಾಗ ನಾವಿಬ್ಬರು ಕನ್ನಡದಲ್ಲಿ ಮಾತಾಡಿದ್ದು ಕಿವಿಗೆ ಬಿದ್ದು ಅವನ ಮುಖ ಬಿಳಿಚಿಕೊಂಡಿತು. ನಮ್ಮವರು ಎಂದು ಸಮಾಧಾನವಾಗಬೇಕಿತ್ತಲ್ಲವೇ? ಆತ ಗೋಡೆಯ ಕಡೆ ತಿರುಗಿ ಮಲಗಿದ. ಬಹಳ ಹೊತ್ತಿನ ಮೇಲೆ, ‘ಅಕ್ಕಾ, ಊರು ಯಾವುದೆಂದು ಮಾತ್ರ ಕೇಳಬೇಡಿ’ ಎಂದ. ‘ಕೇಳುವುದಿಲ್ಲ ತಮ್ಮಾ, ಎಷ್ಟು ಕುಡಿದೆ, ಯಾವಾಗ ಕುಡಿದೆ ಅಷ್ಟು ಹೇಳು’ ಎಂದೆವು. ಹೇಳಿದ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದಿದ್ದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೆ ಅವನ ಭಯ ಕೋರ್ಟಿನದ್ದಲ್ಲ. ಮದುವೆ ಮನೆಯ ಊಟದ ಸಾಲಿನದ್ದು.

ಈ ಲಜ್ಜೆ ಸತ್ತ ಮೇಲೂ ಬಿಡುವುದಿಲ್ಲ. 2014-15ರಲ್ಲಿ ಪೂರ್ವ ಲಂಡನ್ನಿನ ಬಾರ್ಕಿಂಗ್‌ನಲ್ಲಿ ನಾಲ್ವರು ಯುವಕರ ಶವ ಸಿಕ್ಕಿತು. ಮೂವರದ್ದು ಒಂದೇ ಚರ್ಚಿನ ಸ್ಮಶಾನದ ಬಳಿ. ದೇಹದಲ್ಲಿ ಜಿಎಚ್‌ಬಿ ಇತ್ತು. ಪೊಲೀಸರಿಗೆ ಕೊಲೆಯ ಅನುಮಾನ ಹುಟ್ಟಲಿಲ್ಲ. ಸ್ಟೀಫನ್ ಪೋರ್ಟ್ ಎಂಬವನು ಅವರಿಗೆ ಅದನ್ನು ಕೊಟ್ಟು ಕೊಂದಿದ್ದನೆಂದು 2016ರಲ್ಲಿ ತೀರ್ಪಾಯಿತು. ಪೊಲೀಸರ ಲೋಪಗಳಿಂದಾಗಿಯೇ ನಂತರದ ಮೂವರ ಪ್ರಾಣ ಹೋಗಿರುವ ಸಂಭವವಿದೆ ಎಂದು 2021ರಲ್ಲಿ ಮರಣ ವಿಚಾರಣೆಯ ಜ್ಯೂರಿ ಹೇಳಿತು.

ಈ ಕೂಟಗಳನ್ನು ನಾವು ಮೆಚ್ಚುವವರಲ್ಲ. ಆದರೆ ಉಸಿರಿಲ್ಲದವನಿಗೆ ಉಪದೇಶ ಮುಟ್ಟುವುದಿಲ್ಲ. ಪ್ರಜ್ಞೆ ತಪ್ಪಿದವನನ್ನು ಮಗ್ಗುಲಾಗಿ ಮಲಗಿಸಿ, ಒಂಟಿಯಾಗಿ ಬಿಡದೆ, ಕೂಡಲೇ ಆಂಬುಲೆನ್ಸಿಗೆ ಕರೆ ಮಾಡಬೇಕು. ತೆಗೆದುಕೊಂಡದ್ದೇನೆಂದು ಸತ್ಯ ಹೇಳಬೇಕು. ಮಾಮೂಲಿ ಪರೀಕ್ಷೆಗಳಲ್ಲಿ ಜಿ ಕಾಣಿಸುವುದಿಲ್ಲ. ಹಗಲು ರಾತ್ರಿ ಅದನ್ನೇ ಕುಡಿಯುವ ಮಟ್ಟಕ್ಕೆ ಹೋದವರು ಒಮ್ಮೆಲೇ ನಿಲ್ಲಿಸಬಾರದು. ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಭಾರತದ ಎನ್‌ಡಿಪಿಎಸ್ ಕಾಯ್ದೆಯಲ್ಲೂ 64ಎ ಎಂಬ ಸೆಕ್ಷನ್ ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಕೆಲವು ಷರತ್ತುಗಳೊಂದಿಗೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಮೊಕದ್ದಮೆಯಿಂದ ಅದು ರಕ್ಷಣೆ ಕೊಡುತ್ತದೆ.