ಹೀರೋ ಪೆನ್ನು, ವೀರಗಲ್ಲು

ಪಾರ್ಶ್ವವಾಯುವಾಗಿ ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಪ್ಪನ ಹೀರೋ ಪೆನ್ನು ನನ್ನ ಪಾಲಿಗೆ ಬಂತು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದಷ್ಟು ಕಾಲವೂ ಅವನು ಬರೆದದ್ದು ಅದರಲ್ಲೇ. "ಸುಮ್ನೆ ಇಟ್ರೆ ಇಂಕು ಒಣಗತ್ತೆ, ಬರೀತಾ ಇರು" ಎಂದಷ್ಟೇ ಹೇಳಿದ. ನನಗಾಗ ಪಿಎಚ್.ಡಿ.ಯ ನಾಲ್ಕನೇ ವರ್ಷ. ಬರೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದೆ. ಹಾಗಾಗಿ ಆ ಪೆನ್ನಿನಲ್ಲಿ ಚಿತ್ರ ಬಿಡಿಸತೊಡಗಿದೆ.

ಮೊದಲ ವಾರವೇ ಎಡವಟ್ಟು. ಗೆರೆ ಕಪ್ಪಗೆ ಬರಲಿ ಎಂದು ಚಿತ್ರಕಲೆಯವರು ಬಳಸುವ ಇಂಡಿಯನ್ ಇಂಕು ತುಂಬಿಸಿದೆ. ಅದಕ್ಕೆ ಅರಗು ಸೇರಿಸಿರುತ್ತಾರೆ. ಅದ್ದಿ ಬರೆಯುವ ನಿಬ್ಬಿಗೆ ಸರಿ, ಫೌಂಟನ್ ಪೆನ್ನಿನೊಳಗೆ ಒಣಗಿದರೆ ಮುಗಿಯಿತು. ಎರಡು ರಾತ್ರಿ ನೀರಿನಲ್ಲಿ ನೆನೆಹಾಕಿ, ಮತ್ತೆ ಮತ್ತೆ ತೊಳೆದ ಮೇಲೆ ಪೆನ್ನು ಹಾದಿಗೆ ಬಂತು. ಅಪ್ಪನಿಗೆ ಹೇಳಲಿಲ್ಲ. ಅಂದಿನಿಂದ ಶಾಲಾ ಮಕ್ಕಳ ನೀಲಿ ಇಂಕೇ.

ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. (ವೀರಗಲ್ಲಿಗೆ ಹೀರೋ ಪೆನ್ನೇ ಆಗಬೇಕು ಎಂದು ಹಾಸ್ಟೆಲಿನ ಗೆಳೆಯರು ನಕ್ಕಿದ್ದೇ ನಕ್ಕಿದ್ದು.) ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಈ ಕ್ರಮ ಎಷ್ಟು ರೂಢಿಯಾಗಿತ್ತೆಂದರೆ ನೋಡುವುದನ್ನೇ ಬಿಟ್ಟಿದ್ದೆ. ಫೋಟೊ ಹೊಡೆಯುವುದು, ಮುಂದಿನ ಊರಿನ ಬಸ್ಸು ಹಿಡಿಯುವುದು.

ಶಿಕಾರಿಪುರದ ಕಡೆಯ ಒಂದು ಕೆರೆ ಏರಿಯ ಮೇಲೆ ಅಂಥದೊಂದು ಸವೆದ ಕಲ್ಲಿದೆ. ಒಂದು ಸಂಜೆ ಅದರೆದುರು ಪುಸ್ತಕ ತೆರೆದು ಕೂತೆ. ಪೆನ್ಸಿಲ್ಲಾದರೆ ಅಂದಾಜಿಗೆ ಗೀಚಿ ಆಮೇಲೆ ಅಳಿಸಬಹುದು. ಪೆನ್ನಿನಲ್ಲಿ ಆ ಸಲಿಗೆಯಿಲ್ಲ. ನಿಬ್ಬನ್ನು ಕಾಗದದ ಮೇಲಿಟ್ಟು ಯೋಚಿಸುತ್ತ ಕೂತರೆ ಅಲ್ಲೇ ಮಸಿ ಹರಡಿಕೊಳ್ಳುತ್ತದೆ. ಮೊದಲು ಕಣ್ಣು ತೀರ್ಮಾನಿಸಬೇಕು, ಆಮೇಲೆ ಕೈ. ಕೆಳಪಟ್ಟಿಕೆಯಲ್ಲಿ ವೀರನ ಹಿಂದೆ ಮೂವರು ಸೈನಿಕರು ಎಂದು ಅಧ್ಯಾಯದಲ್ಲಿ ಆಗಲೇ ಬರೆದಿದ್ದೆ. ಬಿಡಿಸುತ್ತ ಹೋದಂತೆ ಕಾಲುಗಳ ಲೆಕ್ಕ ತಾಳೆಯಾಗಲಿಲ್ಲ. ಆರಿರಬೇಕಿತ್ತು, ಎಂಟಿದ್ದವು. ಓರೆ ಬಿಸಿಲಿನಲ್ಲಿ ಅವುಗಳ ಮೇಲೆ ಅಡ್ಡಲಾಗಿ ಎರಡು ಬೆನ್ನಿನ ಗೆರೆ ಕಂಡಿತು. ಒದ್ದೆ ಬೆರಳಾಡಿಸಿದೆ, ನೀಲಿ ಕರಗಿ ಹೊಟ್ಟೆಯ ಕೆಳಗೆ ನೆರಳಾಯಿತು. ಹಸುಗಳು! ತುರುಗೊಳ್ ಕಾಳಗದ ಕಲ್ಲು ಅದು. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನನ್ನು ನಾನು ಯಾವುದೋ ದಂಡಿಗೆ ಸೇರಿಸಿಬಿಟ್ಟಿದ್ದೆ.

ಹನ್ನೊಂದು ಪುಟ ಹರಿದು ಹಾಕಬೇಕಾಯಿತು. ಮಾರ್ಗದರ್ಶಕರು ಚಿತ್ರ ಸಾಕಾಗದು, ಫೋಟೊ ಬೇಕು ಎಂದರು. ನ್ಯಾಯವೇ. ಅದೇ ಹೊತ್ತಿನ ಬಿಸಿಲಿಗೆ ಕಾದು ಮತ್ತೆ ಹೋಗಿ ತೆಗೆದುಕೊಂಡು ಬಂದೆ.

ಊರಿಗೆ ಹೋದಾಗ ಅಪ್ಪನಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರ ಬಾಲ ಎಲ್ಲಿ?" ಎಂದ. ಅಲ್ಲಿ ಕಲ್ಲು ಒಡೆದಿದೆ ಎಂದೆ. ಅವನು ಎಡಗೈಯಲ್ಲಿ ಪೆನ್ನು ಇಸಿದುಕೊಂಡು, ನಿಬ್ಬಿನ ಮುಖ ಸರಿಯಾಗಿ ತಿರುಗಿಸಿ, ನಡುಗುವ ಒಂದು ಗೆರೆ ಎಳೆದ.

ಪ್ರಬಂಧಕ್ಕೆಂದು ಬಾಲವಿಲ್ಲದ ಹಸುವನ್ನು ಬೇರೆ ಹಾಳೆಯಲ್ಲಿ ಮತ್ತೊಮ್ಮೆ ಬಿಡಿಸಿದೆ.