ಸತ್ತೂ ಬದುಕಿದ್ದಂತೆ ಕಾಣುವ ಪರದೆ

2001ರ ಹಂಗಾಮಿನಲ್ಲಿ ನಾನು ಘಟಪ್ರಭಾ ದಂಡೆಯ ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಬಾಯ್ಲರಿನ ಒತ್ತಡ, ಡ್ರಮ್ಮಿನ ನೀರಿನ ಮಟ್ಟ, ಟರ್ಬೈನಿನ ಯೂನಿಟ್ಟು ಎಲ್ಲವನ್ನೂ ಕಂಪ್ಯೂಟರೇ ಬರೆದುಕೊಳ್ಳುವ ವ್ಯವಸ್ಥೆ ಆ ವರ್ಷ ಬಂತು. ಅಲ್ಲಿಯವರೆಗೆ ಪಾಳಿಯವರು ತಾಸಿಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದರು. ಚಹಾ ಮುಗಿಸಿ ಬಂದು ಮೂರು ತಾಸಿನದನ್ನು ಒಮ್ಮೆಗೇ ಬರೆದದ್ದೂ ಉಂಟು. ಸಾಫ್ಟ್‌ವೇರ್ ಕೊಟ್ಟವರು ಅದನ್ನು ವಿಂಡೋಸ್ 98ರ ಮೇಲೆ ಕೂರಿಸಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋದರು. ಬೆಳಿಗ್ಗೆ ಹಚ್ಚಿ ಸಂಜೆ ಆರಿಸುವ ಕಚೇರಿಗೆ ಅದು ಸಾಕಿತ್ತು. ನಮ್ಮ ಗಾಣ ಒಮ್ಮೆ ತಿರುಗಿದರೆ ಕಬ್ಬು ಮುಗಿಯುವತನಕ ತಿರುಗುತ್ತಲೇ ಇರಬೇಕು.

ಕೆಲವೇ ದಿನಕ್ಕೆ ಕ್ವಾರ್ಟರ್ಸಿಗೆ ಫೋನ್ ಬರತೊಡಗಿತು. "ಸಾಹೇಬ್ರ, ಕಂಪ್ಯೂಟರ್ ಗಪ್ ಆಗೇತ್ರಿ." ಸ್ವೆಟರ್ ಹಾಕಿಕೊಂಡು ಹೋಗಿ ರೀಸ್ಟಾರ್ಟ್ ಮಾಡಿ ಬರುವುದು, ಬೆಳಿಗ್ಗೆ ಚೀಫ್ ಕೆಮಿಸ್ಟರ ಮುಂದೆ ಅರ್ಧ ಖಾಲಿ ಬಿದ್ದ ವರದಿ ಹಿಡಿದು ನಿಲ್ಲುವುದು. ಫ್ಯಾನಿಗೆ ಮೆತ್ತಿದ್ದ ಬಗಾಸ್ ಧೂಳು ಊದಿಸಿದೆವು, ರ್‍ಯಾಮ್ ಹೆಚ್ಚಿಸಿದೆವು, ಯುಪಿಎಸ್ ಬದಲಿಸಿದೆವು. ಏನೂ ಗಿಟ್ಟಲಿಲ್ಲ. ಸಾಫ್ಟ್‌ವೇರಿನವರನ್ನು ಕೇಳಿದರೆ, "ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡ್ತಾ ಇರಿ ಸರ್" ಎಂಬ ಉತ್ತರ.

ಇದೆಲ್ಲ ಬರೀ ನಿದ್ದೆಗೇಡು. ಎದೆ ಝಲ್ಲೆಂದದ್ದು ಒಂದು ನಸುಕಿನಲ್ಲಿ. ಡ್ರಮ್ಮಿನ ಮಟ್ಟ ಪರದೆಯ ಮೇಲೆ ಶೇ. 52 ಇತ್ತು. ಎಷ್ಟು ಹೊತ್ತಾದರೂ 52ರಲ್ಲೇ ಇತ್ತು. ಉರಿಯುತ್ತಿರುವ ಬಾಯ್ಲರಿನ ನೀರು ಹೀಗೆ ಒಂದೇ ಅಂಕಿಗೆ ನಿಲ್ಲುವುದಿಲ್ಲ, ಸದಾ ಅತ್ತಿತ್ತ ಆಡುತ್ತಿರುತ್ತದೆ. ಪರದೆಯ ಮುಂದಿದ್ದ ಹುಡುಗನಿಗೆ ಇದು ಹೊಳೆಯಲಿಲ್ಲ. ಬಾಯ್ಲರ್ ಅಟೆಂಡಂಟ್ ಕಾಕಾ ಅಂಕಿಯನ್ನು ನಂಬದೆ ಮೆಟ್ಟಿಲು ಹತ್ತಿ, ಡ್ರಮ್ಮಿನ ನೀರು ನೇರವಾಗಿ ಕಾಣುವ ಗೇಜ್ ಗ್ಲಾಸ್ ನೋಡಿದರು. "ತಮ್ಮಾ, ಇನ್ನೊಂದು ಪಂಪ್ ಹಚ್ಚೋ, ನೀರು ತಳಾ ಹಿಡದೈತಿ!" ಮೇಲಿಂದ ಅವರು ಕೂಗಿದ್ದು ನಾನು ಒಳಗೆ ಕಾಲಿಡುವ ಹೊತ್ತಿಗೆ ಕೇಳಿಸಿತು. ನೀರು ಇನ್ನೂ ಕೆಳಗಿಳಿದಿದ್ದರೆ ಬಾಯ್ಲರನ್ನು ನಿಲ್ಲಿಸಲು ಬೇರೆ ಟ್ರಿಪ್ ಇತ್ತು, ನಿಜ. ಆದರೆ ಬಾಯ್ಲರ್ ಟ್ರಿಪ್ಪಾದರೆ ಟರ್ಬೈನ್ ನಿಂತು, ಗಾಣ ನಿಂತು, ಯಾರ್ಡಿನಲ್ಲಿ ಗಾಡಿಗಟ್ಟಲೆ ಕಬ್ಬು ಒಣಗುತ್ತದೆ. ಕೆಳಗಿಳಿದು ಬಂದ ಕಾಕಾ ಅಂದದ್ದು ಇಷ್ಟೇ: "ಸತ್ತರ ಸತ್ತೀನಿ ಅನ್ಲಿ. ಸತ್ತೂ ಜೀವಂತ ಇದ್ದಂಗ ಮಾಡತೈತಲ್ಲ ಸಾಹೇಬ್ರ ಇದು."

ಯಾಕೆ ಹೀಗೆ ಎಂದು ಹುಡುಕತೊಡಗಿದೆ. ವಿಂಡೋಸ್ 95 ಮತ್ತು 98ಕ್ಕೆ ಒಂದು ಪ್ರಸಿದ್ಧ ಕಾಯಿಲೆ ಇತ್ತು. ಹಚ್ಚಿದ ಕ್ಷಣದಿಂದ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಾ ಹೋಗಿ, 49 ದಿನ 17 ತಾಸಿಗೆ ಎಣಿಕೆ ತುಂಬಿ ಸೊನ್ನೆಗೆ ಬಂದಾಗ ಯಂತ್ರ ನಿಂತುಬಿಡುತ್ತಿತ್ತು. ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡ ಸಂಗತಿ ಇದು. ನಮ್ಮದು ಅಷ್ಟು ದಿನ ಬದುಕಿದ್ದರೆ ತಾನೆ!

ನಮ್ಮ ಕಾಯಿಲೆ ಬೇರೆ. ಪರದೆಯ ಮೂಲೆಯಲ್ಲಿ ರಿಸೋರ್ಸ್ ಮೀಟರ್ ಹಚ್ಚಿ ಕಾದು ಕೂತೆ. ಗ್ರಾಫಿನ ಕಿಟಕಿ ತೆರೆದಿಟ್ಟಾಗಲೆಲ್ಲ ಅದರ ಹಸಿರು ಪಟ್ಟಿ ಇಳಿಯುತ್ತ ಹಳದಿಯಾಗಿ, ಕೆಂಪಾಗಿ, ಕೊನೆಗೆ ಎಲ್ಲ ಸ್ತಬ್ಧ. ಗೆರೆ, ಬಣ್ಣಗಳ ಲೆಕ್ಕವಿಡಲು ವಿಂಡೋಸ್ 98ರಲ್ಲಿದ್ದ ಒಂದು ಜಾಗ ಬರೀ 64 ಕೆಬಿ. ರ್‍ಯಾಮ್ ಎಷ್ಟು ಸುರಿದರೂ ಅದು ಹಿಗ್ಗುವುದಿಲ್ಲ. ಗ್ರಾಫ್ ಬರೆಯುವಾಗಲೆಲ್ಲ ಈ ಸಾಫ್ಟ್‌ವೇರ್ ಅಲ್ಲಿಂದ ತೆಗೆದುಕೊಂಡದ್ದನ್ನು ಮರಳಿಸುತ್ತಿರಲಿಲ್ಲ. ಕೊಟ್ಟವರು ದೋಷ ವಿಂಡೋಸಿನದು ಎಂದರು. ನನ್ನ ಪ್ರಕಾರ ಇಬ್ಬರದೂ.

ಹಂಗಾಮು ಮುಗಿದ ಮೇಲೆ ವಿಂಡೋಸ್ 98 ಬಿಟ್ಟು ಯಾವುದಕ್ಕೆ ಹೋಗುವುದು ಎಂಬ ಚರ್ಚೆ. ವಿಂಡೋಸ್ 2000 ಗಟ್ಟಿ, ಒಂದು ಪ್ರೋಗ್ರಾಂ ಬಿದ್ದರೆ ಇಡೀ ಯಂತ್ರವನ್ನು ಎಳೆದುಕೊಂಡು ಬೀಳುವುದು ಕಡಿಮೆ. ಆದರೂ ಸೋರುವ ಪ್ರೋಗ್ರಾಂ ಅಲ್ಲೂ ಸೋರುತ್ತದೆ. ಕ್ಯೂಎನ್ಎಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಇಂಥ ಕೆಲಸಕ್ಕೆಂದೇ ಹುಟ್ಟಿದ್ದು. ಆದರೆ ಕೆಟ್ಟರೆ ನೋಡುವವರು ನಮ್ಮ ಸುತ್ತ ಯಾರೂ ಇರಲಿಲ್ಲ. ಲಿನಕ್ಸಿಗೆ ಅಡ್ಡಿಯೆಂದರೆ ಮೀಟರುಗಳ ಅಂಕಿಯನ್ನು ಕಂಪ್ಯೂಟರಿಗೆ ತಲುಪಿಸುವ ಓಪಿಸಿ ಎಂಬ ಪದ್ಧತಿ: ಅದು ಆಗ ಮೈಕ್ರೋಸಾಫ್ಟಿನ ತಂತ್ರದ ಮೇಲೆ ನಿಂತಿತ್ತು, ಮೀಟರ್ ಕಂಪನಿಗಳ ಡ್ರೈವರುಗಳೆಲ್ಲ ವಿಂಡೋಸಿಗೇ ಇದ್ದವು. ನಮ್ಮ ಪುಣ್ಯಕ್ಕೆ ಪ್ಯಾನೆಲ್ಲುಗಳೆಲ್ಲ 1979ರ ಮಾಡ್‌ಬಸ್ ಎಂಬ ಸಂವಹನ ಭಾಷೆ ಮಾತಾಡುತ್ತಿದ್ದವು. ಅದರ ನಿಯಮ ಬಹಿರಂಗ, ಯಾರ ಡ್ರೈವರಿನ ಹಂಗೂ ಬೇಡ.

ಹಾಗಾಗಿ ಅಂಕಿ ಕೂಡಿಡುವ ಕೆಲಸ ಒಂದು ಯಂತ್ರಕ್ಕೆ, ತೋರಿಸುವ ಕೆಲಸ ಇನ್ನೊಂದಕ್ಕೆ ಎಂದು ಗೆರೆ ಎಳೆದೆವು. ಫ್ಯಾನಿಲ್ಲದ, ಮಾನಿಟರಿಲ್ಲದ, ಹಾರ್ಡ್‌ಡಿಸ್ಕಿನ ಬದಲು ಫ್ಲ್ಯಾಶ್ ಕಾರ್ಡಿನ ಪೆಟ್ಟಿಗೆಯಲ್ಲಿ ಲಿನಕ್ಸ್ ಅಂಕಿ ಕೂಡಿಡುತ್ತಿತ್ತು. ಒಳಗೊಂದು ವಾಚ್‌ಡಾಗ್: ನಿಮಿಷದೊಳಗೆ ಪ್ರೋಗ್ರಾಮಿನಿಂದ ಸಪ್ಪಳ ಬರದಿದ್ದರೆ ಪೆಟ್ಟಿಗೆಯನ್ನೇ ರೀಸ್ಟಾರ್ಟ್ ಮಾಡುತ್ತಿತ್ತು. ಗ್ರಾಫು, ಬಣ್ಣ ವಿಂಡೋಸ್ 2000ದ ಪಾಲಿಗೆ. ಬೇಸಿಗೆಯಿಡೀ ಆ ಪೆಟ್ಟಿಗೆಯ ಪ್ಲಗ್ ಕೀಳುವುದು, ಪ್ಯಾನೆಲ್ಲುಗಳಿಂದ ಬರುವ ಆರ್‌ಎಸ್ 485 ತಂತಿ ಬಿಚ್ಚುವುದು, ತಾನೇ ಎದ್ದು ಬರುತ್ತದೋ ಇಲ್ಲವೋ ನೋಡುವುದು, ಇದೇ ನಮ್ಮ ಆಟ.

ಜಗಳ ಎದ್ದದ್ದು ಕೊನೆಗೆ. ಹತ್ತು ಸೆಕೆಂಡಿಗಿಂತ ಹಳೆಯ ಅಂಕಿಯನ್ನು ತೋರಿಸದೆ ಅಲ್ಲಿ ಅಡ್ಡಗೆರೆ ಬರುವಂತೆ ಮಾಡಿದ್ದೆ. ಮ್ಯಾನೇಜರರಿಗೆ ಸರಿಬರಲಿಲ್ಲ. "ಡೈರೆಕ್ಟರು ಬಂದಾಗ ಗೆರಿ ಕಂಡ್ರ ಏನ್ ಅಂದಾರು? ಹಳೇ ಅಂಕಿನೇ ಇರ್ಲಿ ಬಿಡ್ರಿ." ನಾನು ವಾದಕ್ಕೆ ನಿಲ್ಲದೆ ಕಾಕಾರನ್ನು ಕರೆಸಿದೆ. ಆ ನಸುಕಿನ ಕತೆಯನ್ನು ಅವರು ತಮ್ಮ ಧಾಟಿಯಲ್ಲಿ, ತುಸು ಮಸಾಲೆ ಹಚ್ಚಿಯೇ ಹೇಳಿದರು. ಮ್ಯಾನೇಜರು ಫೈಲಿಗೆ ಸಹಿ ಹಾಕಿ, ಆ ಗೆರೆ ಕೆಂಪು ಬಣ್ಣದಲ್ಲಿರಲಿ ಎಂದು ತಾವೇ ಸೇರಿಸಿದರು.